ನಾಲ್ಕು ಕಾಳು

ಬೆಳಗ್ಗೆ ಏಳೂಕಾಲಿಗೆ, ಮಿಷನ್ನಿಗೆ ಎಣ್ಣೆ ಬಿಡುವ ಮೊದಲು,
ಇವನಿಗೆ ನಾಲ್ಕು ಕಾಳು.
ಸಾಸಿವೆಗಿಂತ ಸಣ್ಣವು, ಎಣಿಸಿಯೇ ಹಾಕಬೇಕು.
"ಈ ಮೀನಿನ ಹೊಟ್ಟೆ ಅದರ ಕಣ್ಣಷ್ಟೇ ಇರ್ತೈತಕ್ಕ,
ಜಾಸ್ತಿ ಹಾಕಿದ್ರೆ ಉಬ್ಬಿ ಸಾಯ್ತೈತೆ.
ಶನಿವಾರ ಒಂದಿನ ಉಪವಾಸ ಕೆಡವು" ಅಂದಿದ್ದ ವನ್ನೂರ,
ಪ್ಲಾಸ್ಟಿಕ್ ಚೀಲದಲ್ಲಿ ಇವನನ್ನು ತಂದುಕೊಟ್ಟ ದಿನ.

ಕಣ್ಣಷ್ಟು ಹೊಟ್ಟೆಯಂತೆ!
ನನ್ನ ಕೇಳಿದರೆ ಇವನಿಗೆ ಹೊಟ್ಟೆಯೇ ಇಲ್ಲ,
ಇರುವುದೆಲ್ಲ ಕಣ್ಣು.

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ
ಮನೆಗೊಂದು ಮಿಷನ್ನು, ಮಿಷನ್ನಿಗೊಂದು ಪ್ಯಾಂಟಿನ ಗುಡ್ಡ.
ನನ್ನ ಗುಡ್ಡದ ಪಕ್ಕ, ಕಿಟಕಿಯ ಕಟ್ಟೆ ಮೇಲೆ,
ಉಪ್ಪಿನಕಾಯಿ ಖಾಲಿಯಾದ ಗಾಜಿನ ಭರಣಿಯಲ್ಲಿ ಇವನು.
ಕೆಂಪು ಸೆರಗು, ಅಂಚಿಗೆ ನೀಲಿ.
ಊರಿಗೆಲ್ಲ ಬೇಡವಾದ ಬಳ್ಳಾರಿ ಬಿಸಿಲು
ಇವನೊಬ್ಬನಿಗೆ ಒಗ್ಗಿದೆ.
ಆಚೆ, ದೂರಕ್ಕೆ, ಬಂಡೆಗುಡ್ಡದ ಮೇಲೆ ಕೋಟೆ.
ಈಚೆ ಮೂರು ಲೀಟರ್ ನೀರಿಗೆ ಪಾಳೇಗಾರ.
ಹಾಗಂತಲೇ ಕರೆಯುವುದು.

ಅತ್ತೆ ಕೆಮ್ಮಿದರೆ ತಿರುಗಿ ನೋಡುವುದಿಲ್ಲ,
ಪ್ಯಾಂಟಿನ ಗಂಟು ಬಾಗಿಲಿಗೆ ದೊಪ್ಪೆಂದು ಬಿದ್ದರೂ ಇಲ್ಲ.
ಡಬ್ಬಿಯ ಮುಚ್ಚಳ ಟಕ್ ಅಂದರೆ ಸಾಕು,
ಮೈಯೆಲ್ಲ ಬಾಲ.
ಗಾಜಿಗೆ ಮೂಗುಜ್ಜುತ್ತ ಮೇಲೆ, ಕೆಳಗೆ, ಮತ್ತೆ ಮೇಲೆ,
ಬಾಬಿನ್ ಕೈತಪ್ಪಿ ದಾರ ಬಿಚ್ಚಿಕೊಂಡು ಓಡಿದ ಹಾಗೆ.

ಮೊದಲ ಕಾಳು ನೀರು ಮುಟ್ಟುವುದರೊಳಗೆ ಮಾಯ.
ಎರಡನೆಯದನ್ನು ನುಂಗಿ, ಉಗುಳಿ,
ತಲೆ ಓರೆ ಮಾಡಿ ನೋಡಿ, ಮತ್ತೆ ನುಂಗುತ್ತಾನೆ,
ಪೀಸಿಗೆ ಹನ್ನೊಂದೇ ರೂಪಾಯಿ ಅಂದ ಮಾಲೀಕನ ಮಾತು
ನಾನು ನುಂಗಿದ ಹಾಗೆ.
ಮೂರನೆಯದಕ್ಕೆ ಗುರಿ ತಪ್ಪುತ್ತದೆ.
ಕಾಳು ಆಗಲೇ ಇಳಿದು ಕಲ್ಲಿನ ಸಂದಿ ಸೇರಿದೆ,
ಇವನು ಮಾತ್ರ ಅದು ಮೊದಲಿದ್ದ ಜಾಗವನ್ನೇ
ಸಿಟ್ಟಿನಿಂದ ದಿಟ್ಟಿಸುತ್ತಾನೆ,
ನೀರೇ ಕದ್ದು ತಿಂದಿತೋ ಎಂಬಂತೆ.

ನಾಲ್ಕನೆಯದು ನನ್ನ ಬೆರಳ ತುದಿಯಿಂದ.
ಎಗರಿ ಕಚ್ಚುತ್ತಾನೆ. ನನಗೆ ತಿಳಿಯುವುದಿಲ್ಲ;
ಎರಡು ಸಲ ಸೂಜಿ ಹೊಕ್ಕು ಹೊರಬಂದ ಬೆರಳು ಅದು.
ಮತ್ತೆ, ನೀಲಿ.
ಹದಿನಾಲ್ಕು ವರ್ಷದ ಜೀನ್ಸಿನ ಬಣ್ಣ ಉಗುರ ಬುಡಕ್ಕಿಳಿದಿದೆ,
ನಿಂಬೆಹಣ್ಣು ಉಜ್ಜಿದರೂ ಜಗ್ಗುವುದಿಲ್ಲ.

ಮೇ ತಿಂಗಳಲ್ಲಿ ತಂಗಿಯ ಬಾಣಂತನಕ್ಕೆ
ಸಿರುಗುಪ್ಪಕ್ಕೆ ಹೋದೆ, ಒಂಬತ್ತು ದಿನ.
ಎರಡನೆಯ ದಿನವೇ ನವ್ಯಳ ಫೋನು:
"ಅಮ್ಮಾ, ತಿನ್ತಾನೇ ಇಲ್ಲ.
ಮುಚ್ಚಳದ ಸದ್ದಿಗೆ ಬರ್ತಾನೆ, ನನ್ನ ಬೆರಳು ಕಂಡ ಕೂಡಲೇ
ಕಿವಿರು ಬಿಚ್ಚಿ, ಗಡ್ಡ ಬಿಟ್ಟು, ಜಗಳಕ್ಕೇ ನಿಲ್ತಾನೆ."
ಹಿಂದಿನಿಂದ ಅತ್ತೆಯ ದನಿ: "ಹಸಿದ್ರೆ ತಿನ್ತೈತೆ ಬಿಡೇ."
ಮೂರನೆಯ ದಿನವೂ ಇಲ್ಲ.

ನಾಲ್ಕಕ್ಕೆ ಹುಡುಗಿ ಬಾಲ್‌ಪೆನ್ನು ತಗೊಂಡು
ಬೆರಳ ತುದಿಗೆ, ಉಗುರಿಗೆ, ಉಗುರ ಸುತ್ತಲಿಗೆ
ನೀಲಿ ಗೀಚಿಕೊಂಡಳಂತೆ.
ನೀರಿಗೆ ತಾಗಿಸದೆ ಮೇಲೆ ಹಿಡಿದಳಂತೆ.
ತಿಂದ. ನಾಲ್ಕೂ.
"ಥೇಟ್ ನಿನ್ನ ಬೆರಳೇ ಅಮ್ಮಾ!" ಎಂದು ಕುಣಿಯುತ್ತಿದ್ದಾಳೆ ಫೋನಿನಲ್ಲಿ.

ನನ್ನ ಬಾಯಿಗೆ ಬಂದದ್ದು ಒಂದೇ: "ಹೋಗಿ ತೊಳ್ಕೋ."
"ಯಾಕೆ?"
"ತೊಳ್ಕೋ ಅಂದೆ."
ನಲ್ಲಿಯ ಸದ್ದು ಸಿರುಗುಪ್ಪದ ತನಕ ಕೇಳಿಸಿತು.
"ಹೋಯ್ತಮ್ಮಾ, ಒಂದೇ ಸಲಕ್ಕೆ."
ಏನಂದೆ, ಇನ್ನೊಮ್ಮೆ ಹೇಳು, ಅಂದೆ.
ಹೇಳಿದಳು.

ಎಂಟನೆಯ ದಿನ ಗೀಚಿಕೊಳ್ಳಲು ಮರೆತಳಂತೆ.
ಬರಿಬೆರಳಿಗೂ ಬಂದನಂತೆ.
ಒಳ್ಳೆಯದೇ ಆಯ್ತು.
ಆದರೂ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ
ಕಿಟಕಿಗೆ ಹೋಗಿ ಮುಚ್ಚಳ ಟಕ್ ಅನಿಸಿದೆ.
ಅವತ್ತು ಶನಿವಾರ.
ಗೊತ್ತಿದ್ದೂ, ಒಂದು ಕಾಳು.