ನೂಲು, ನುಚ್ಚು

ಯಾನಿನಾದ ಆಸ್ಪತ್ರೆ. ಕೆರೆಯತ್ತ ತೆರೆದ ಕಿಟಕಿ.
ಡಾಕ್ಟರು ಚೀಟಿಯಲ್ಲಿ ಬರೆದದ್ದು ಒಂದೇ ಪದ:
ಮೈಟೊಕಾಂಡ್ರಿಯಾ.

ಅಸಿಮೀನಾ ಓದಿ ನಕ್ಕೇಬಿಟ್ಟಳು.
ಮಿತೊಸ್ ಅಂದರೆ ನೂಲು,
ಮಗ್ಗದವಳು ನಾನು, ನನಗೆ ಗೊತ್ತಿಲ್ಲವೇ?
ಹೊಂದ್ರೊಸ್ ಅಂದರೆ ನುಚ್ಚು,
ಹುಳಿಹಾಲಲ್ಲಿ ಬೇಯಿಸಿ ಚಳಿಗಾಲಕ್ಕೆ ಒಣಗಿಸಿಡುತ್ತೇವೆ.
ನನ್ನ ಸ್ಟೆರ್ಯೋಸನ ಕಣ್ಣಿಗೂ ಇವಕ್ಕೂ
ಎತ್ತಣಿಂದೆತ್ತ?

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು.
ನೂರು ವರ್ಷಕ್ಕೂ ಹಿಂದೆ ಬರ್ಲಿನ್ನಿನಲ್ಲೊಬ್ಬ
ಮಸೂರಕ್ಕೆ ಕಣ್ಣಿಟ್ಟು ನೋಡಿದನಂತೆ,
ಜೀವಕೋಶದೊಳಗೆ ಒಂದಿಷ್ಟು ಎಳೆ ಎಳೆ, ಒಂದಿಷ್ಟು ಕಾಳು ಕಾಳು.
ಯಾಕಿವೆಯೋ ತಿಳಿಯಲಿಲ್ಲ.
ಕಂಡದ್ದನ್ನೇ ಹೆಸರು ಮಾಡಿದ,
ಅದೂ ನಿಮ್ಮ ಹಳೆಯ ಮಾತಿನಲ್ಲಿ.
ಅವು ಉರಿಯುವ ಒಲೆಗಳೆಂದು ಗೊತ್ತಾದದ್ದು ಆಮೇಲೆ.
ಇನ್ನೂ ಆಮೇಲೆ ಗೊತ್ತಾದದ್ದು...

(ಕೆರೆಯಲ್ಲಿ ದೋಣಿಯೊಂದು ಎಂಜಿನ್ ಆರಿಸಿತು)

ಅವು ತಾಯಿಯಿಂದ ಮಾತ್ರ ಬರುತ್ತವೆ, ಅಮ್ಮ.
ತಂದೆಯದು ಸೇರುವುದಿಲ್ಲ.

ಮೆಟ್ಸೋವೊ ಬಸ್ಸಿನಲ್ಲಿ ಅವಳು ಬೆರಳು ಮಡಿಚಿದಳು.
ತಾನು. ತನ್ನ ತಾಯಿ. ತಾಯಿಯ ತಮ್ಮ ಝೀಸಿಸ್,
ಹೇಸರಗತ್ತೆಯ ಜೊತೆ ಕಣಿವೆಗೆ ಬಿದ್ದವನು.
ಕುಡಿದಿದ್ದ ಎಂದೇ ಊರೆಲ್ಲ ಹೇಳಿತು.
ಅವಳೂ ಹೇಳಿದ್ದಳು.

ರಾತ್ರಿ ಮಗ್ಗದ ಮುಂದೆ ಕೂತರೆ
ಹಾಸಿನಲ್ಲೆಲ್ಲೋ ಒಂದು ಎಳೆ ಕಡಿದಿದೆ.
ದೀಪ ಹತ್ತಿರ ತಂದಳು, ಕನ್ನಡಕ ಒರೆಸಿದಳು.
ಹಿಂದಿನಿಂದ ಬಂದ ಹುಡುಗ
ಗೋಡೆ ಸವರಿದಂತೆ ನೂಲು ಸವರಿ
'ಇಲ್ಲಿ' ಅಂದ.

ಗಂಟು ಹಾಕಲಿಲ್ಲ ಅವಳು, ಕೂಡಲೇ.
ಆ ಬೆರಳನ್ನು ಅಲ್ಲೇ ಹಿಡಿದುಕೊಂಡಿದ್ದಳು.
ಒಳಗೆ ಒಲೆಯ ಮೇಲೆ
ನುಚ್ಚು ತಳ ಹಿಡಿಯುತ್ತಿತ್ತು.