ಮಂಗಳವಾರದ ವಾಯಿದೆ

ಮಂಗಳವಾರ ಸೆಕೊಂಡಿಯ ಕಡಲಿಗೆ ಯಾರೂ ಬಲೆ ಬೀಸುವುದಿಲ್ಲ.
ದೋಣಿಗಳು ಮರಳ ಮೇಲೆ ಮಗ್ಗುಲಾಗಿ ಮಲಗಿರುತ್ತವೆ,
ಗಂಡಸರು ನೆರಳಲ್ಲಿ ಕೂತು ಹರಿದದ್ದನ್ನು ಹೆಣೆಯುತ್ತಾರೆ.
ನೀವು ಹೋದದ್ದು ಅಂಥದೇ ಒಂದು ಮಂಗಳವಾರ,
ಕೋರ್ಟಿನಲ್ಲಿ ಮೊದಲ ಕೇಸು ಕೂಗುವ ಹೊತ್ತಿಗೆ.

ಅರಬಾ ಅಂದರೆ ಮಂಗಳವಾರ ಹುಟ್ಟಿದವಳು.
ಮೊದಲ ದಿನ ಹೆಸರು ಕೇಳಿಕೊಂಡು ನೀವು ಅಂದಿರಿ:
"ಕಡಲಿಗೂ ನಿನಗೂ ಒಂದೇ ದಿನ ರಜೆ ಅಂದುಕೊಳ್ಳಬೇಡ.
ಕೋರ್ಟಿಗೆ ಆ ದೇವರ ಪರಿಚಯವಿಲ್ಲ."
ಆಮೇಲೆ ಕೈಗೊಂದು ಪೊರಕೆ ಕೊಟ್ಟಿರಿ.

ಮೂರು ತಿಂಗಳು ನಾನು ಕಾನೂನು ಓದಲೇ ಇಲ್ಲ, ಸೀನಿಯರ್.
ನಿಮ್ಮ ಕಚೇರಿಯ ಮರದ ಮೆಟ್ಟಿಲು ಗುಡಿಸಿದೆ.
ಯಾರು ಎಷ್ಟನೇ ಮೆಟ್ಟಿಲಲ್ಲಿ ನಿಂತು ಸುಧಾರಿಸಿಕೊಂಡರು
ಎಂದು ಹಳೇ ಡೈರಿಯಲ್ಲಿ ಬರೆದಿಟ್ಟೆ.
"ಹನ್ನೊಂದರಲ್ಲಿ ನಿಂತಳಲ್ಲ, ಆ ಹೆಂಗಸು
ವಾಪಸು ಹೋಗುವ ಮನಸ್ಸು ಮಾಡಿದ್ದಳು.
ಅವಳ ಕೇಸು ಅಲ್ಲಿದೆ. ಕಾಗದದಲ್ಲಿ ಹುಡುಕಬೇಡ."

ಫೀಸು ಎಂದು ಬಂದದ್ದು ಹೊಗೆ ಹಿಡಿಸಿದ ಮೀನು,
ಎಲೆಯಲ್ಲಿ ಸುತ್ತಿದ ಕೆಂಕೆ, ಇನ್ನೂ ಬಿಸಿ.
ಒಂದು ಸಲ ಆಡು.
ಅದು ಹಳೇ ತೀರ್ಪುಗಳ ಸಂಪುಟವೊಂದರ ಅರ್ಧ ತಿಂದಿತು.
ಉಳಿದರ್ಧ ಹಿಡಿದು ನೀವು ಇಡೀ ಮಧ್ಯಾಹ್ನ ವಾದಿಸಿದಿರಿ.
ಗೆದ್ದಿರಿ ಎನ್ನಲಾರೆ.

ನಿಮ್ಮ ಪಾಟೀಸವಾಲಿನ ಬಗ್ಗೆ ಎಲ್ಲರೂ ಹೇಳುತ್ತಾರೆ.
ನನಗೆ ನೆನಪಿರುವುದು ಸವಾಲಿನ ಮೊದಲಿನ ನೀರು:
ಒಂದು ಲೋಟ ನಿಮಗೆ,
ಒಂದು ಲೋಟ ಕಟಕಟೆಯಲ್ಲಿ ನಿಂತವನಿಗೆ.
ಅವನು ಸುಳ್ಳುಗಾರನೆಂದು ಊರಿಗೇ ಗೊತ್ತಿದ್ದಾಗಲೂ.

ಈಗ ಆ ದಿನಕ್ಕೆ ಬರುತ್ತೇನೆ.
ದೋಣಿ ಮಾಲೀಕರ ಪರ ನಾನು, ನಿಮ್ಮೆದುರು.
ಮುಖ ಕೆಂಪಗಾಗಿಸುವ ಸೆಕೆ, ಫ್ಯಾನು ಕೆಟ್ಟಿತ್ತು,
ನಿಮ್ಮ ಕುದುರೆಗೂದಲ ವಿಗ್ಗಿನಡಿಯಿಂದ ಬೆವರು.
"ನನ್ನ ಕಕ್ಷಿದಾರ..." ಎಂದಿರಿ.
ನಿಂತಿರಿ. ಮತ್ತೆ "ನನ್ನ ಕಕ್ಷಿದಾರ..."
ಹಿಂದಿನ ಬೆಂಚಿನಲ್ಲಿ ಕೊಬಿನಾ ಆಮಿಸ್ಸಾ
ತನ್ನ ಹೆಸರನ್ನು ತಾನೇ ತುಟಿಯಲ್ಲಿ ಅನ್ನುತ್ತಿದ್ದ,
ನಿಮಗೆ ಕಾಣಲಿ ಎಂದು, ಮೆಲ್ಲಗೆ, ಮಗುವಿಗೆ ಕಲಿಸುವ ಹಾಗೆ.
ನೀವು ಕಿಟಕಿಯಾಚೆ ನೋಡುತ್ತಿದ್ದಿರಿ.

ನಾನೇ ಎದ್ದೆ.
ಮೈಲಾರ್ಡ್, ನನ್ನ ಕಾಗದ ಸಿದ್ಧವಿಲ್ಲ, ವಾಯಿದೆ ಬೇಕು.
ಸಿಕ್ಕಿತು, ಬೈಗುಳದ ಜೊತೆ.

ಪಡಸಾಲೆಯಲ್ಲಿ ನೀವು ನನ್ನ ಮೊಣಕೈ ಹಿಡಿದಿರಿ.
ಕೃತಜ್ಞತೆ ಬರುತ್ತದೆಂದು ತಲೆ ತಗ್ಗಿಸಿದ್ದೆ.
"ನಿನ್ನ ಕಾಗದ ಸಿದ್ಧವಿತ್ತು.
ಕೋರ್ಟಿಗೆ ಸುಳ್ಳು ಹೇಳಿದೆ, ಅದೂ ನನ್ನೆದುರಿಗೆ.
ಇದನ್ನು ಯಾರು ಕಲಿಸಿದರು?"
ಹೋಗಿಬಿಟ್ಟಿರಿ. ಮೆಟ್ಟಿಲಿಳಿಯುವಾಗ
ಕೈ ಗೋಡೆ ಹುಡುಕುತ್ತಿತ್ತು. ನಾನು ಹಿಡಿಯಲಿಲ್ಲ.
ಸಿಟ್ಟು ಬಂದಿತ್ತು, ನಿಜ ಹೇಳುತ್ತೇನೆ, ನನಗೂ.

ನಿಮ್ಮನ್ನು ಕಳಿಸಿಕೊಡುವ ದಿನ
ಕಪ್ಪು, ಕೆಂಪು ಬಟ್ಟೆಗಳ ನಡುವೆ ಕೊಳಲು, ಡೋಲು, ಭಾಷಣ.
ಸಿಂಹ ಅಂದರು. ಆಲದ ಮರ ಅಂದರು.
ಎಕೊ ಬೆಂಟ್ಸಿಲ್ ನಲವತ್ತೊಂದು ವರ್ಷ ಎಂದೊಬ್ಬರು ಎಣಿಸಿದರು.
ಪೊರಕೆಯ ಮಾತು ಯಾರೂ ಎತ್ತಲಿಲ್ಲ,
ನಾನೂ ಎತ್ತಲಿಲ್ಲ.

ಮೊನ್ನೆ ಆಮಿಸ್ಸಾ ನನ್ನ ಕಚೇರಿಗೆ ಬಂದ.
ನನ್ನ ಮೆಟ್ಟಿಲು ಒಂಬತ್ತೇ, ಸಿಮೆಂಟಿನವು.
ಏಳರಲ್ಲಿ ನಿಂತ. ಒಳಗಿಂದಲೇ ಎಣಿಸಿದೆ.
"ನಾನು ನಿಮ್ಮ ಎದುರು ಪಕ್ಷದವಳು,
ಕೇಸಿನ ಮಾತು ನನ್ನ ಹತ್ತಿರ ಆಡಬೇಡಿ" ಎಂದೆ.
ಕೇಸಲ್ಲ ಎಂದ. ಪೊಟ್ಟಣ ಚಾಚಿದ:
ವಕೀಲರಿಗೆ ಕೊಡಬೇಕಾದ ಕೊನೇ ಕಂತು, ಒಣಮೀನು,
ಯಾರಿಗೆ ಕೊಡುವುದೋ ತಿಳಿಯಲಿಲ್ಲ.
ಅವರ ಹೆಂಡತಿಯ ಮನೆ ದಾರಿ ಹೇಳಿಕೊಟ್ಟೆ.
ಹೋಗುವ ಮೊದಲು ಅವನಿಗೊಂದು ಲೋಟ ನೀರು ಕೊಟ್ಟೆ.

ಮುಂದಿನ ವಾಯಿದೆ ಹದಿನಾಲ್ಕಕ್ಕೆ.
ಅವನಿಗೆ ಹೊಸ ವಕೀಲ ಸಿಕ್ಕಿದ್ದಾನೆ, ಚಿಕ್ಕ ಹುಡುಗ.
ನನ್ನ ಕಾಗದ ಸಿದ್ಧವಿದೆ, ಸೀನಿಯರ್.
ಕೋಣೆಯಲ್ಲಿನ್ನೂ ಮೀನಿನ ವಾಸನೆ.
ಕಿಟಕಿ ತೆರೆದಿಲ್ಲ.