ಅಳತೆ ಪುಸ್ತಕ

ಉಪ್ಪಳ ಪೇಟೆಯಲ್ಲಿ, ಮೀನು ಮಾರ್ಕೆಟಿನ ಬೆನ್ನಿಗೆ
ಹತ್ತಡಿಯ ಅಂಗಡಿ ನನ್ನದು.
ಬೋರ್ಡಿನಲ್ಲಿ ಹೆಸರು ಮಲಯಾಳದಲ್ಲಿ ದೊಡ್ಡದು,
ಕನ್ನಡದಲ್ಲಿ ಸಣ್ಣದು,
ಹೊಲಿಗೆ ಮಾತ್ರ ಎಲ್ಲರಿಗೂ ಒಂದೇ.
ನೆಬೀಸಾಳ ಬುರ್ಖಾ, ಅಂಗನವಾಡಿ ಟೀಚರ ರವಿಕೆ,
ಡಿಸೆಂಬರ್ ಬಂತೆಂದರೆ
ಸಂಡೆ ಸ್ಕೂಲಿನ ಏಳು ದೇವದೂತರಿಗೆ ರೆಕ್ಕೆ.

ಶನಿವಾರ ಸಂಜೆ ಷಟರು ಎಳೆದು ಚರ್ಚಿಗೆ ಹೋಗುತ್ತೇನೆ.
ನಾಳೆ ಕರ್ತನ ಭೋಜನವಿದ್ದರೆ ಲೋಟ ತೊಳೆಯುವ ಕೆಲಸ ನನ್ನದು.
ಹೆಬ್ಬೆರಳಷ್ಟೇ ಉದ್ದದ ಲೋಟಗಳು,
ಒಂದು ಕಾಲಕ್ಕೆ ಅರವತ್ತೂ ಬೇಕಾಗುತ್ತಿತ್ತು;
ಈಗ ಮೂವತ್ತೊಂದು ತುಂಬಿಸಿದರೂ ಒಂದೆರಡು ಉಳಿಯುತ್ತವೆ.
ಅಯ್ಯನವರು ಬರುವುದು ಮಂಜೇಶ್ವರದಿಂದ, ಸ್ಕೂಟರಿನಲ್ಲಿ.
ಏಳೂವರೆಗೆ ಮಲಯಾಳ ಆರಾಧನೆ, ಒಂಬತ್ತೂವರೆಗೆ ನಮ್ಮದು.
ಅವರ ಬೆಂಚಿನ ಬಿಸಿ ಆರುವ ಮೊದಲು ನಾವು ಕೂತಿರುತ್ತೇವೆ.

ನನ್ನ ಮುಂದಿನ ಬೆಂಚಿನಲ್ಲಿ ಫ್ರೀಡಾ ಬಾಯಿ.
ಅವರ ಬೆನ್ನು ನನಗೆ ಕಂಠಪಾಠ:
ಭುಜ ಹದಿನಾಲ್ಕೂವರೆ, ಎಡಗಡೆ ಅರ್ಧ ಇಂಚು ತಗ್ಗು,
ಕುತ್ತಿಗೆ “ಇನ್ನು ಇಳಿಸಬೇಡ ಮಾರಾಯ್ತಿ, ದೇವರ ಮನೆಗೆ ಹೋಗುವುದು.”
ಮಗಳ ಮದುವೆಗೆ ಹನ್ನೊಂದು ರವಿಕೆ, ಎರಡು ಫ್ರಾಕು, ಒಂದು ಬಿಳಿ ಗೌನು,
ಗೌನಿಗೆ ಮುತ್ತು ಹಚ್ಚಲು ಮೂರು ರಾತ್ರಿ ಕೂತಿದ್ದೆ.
ಬಾಕಿ: ನಾಲ್ಕು ಸಾವಿರದ ಇನ್ನೂರು.
ಆ ಮಗಳ ಮಗು ಈಗ ನಡೆಯುತ್ತಿದೆ.

ನೆಬೀಸಾ ಅಳತೆ ಕೊಡುವಾಗಲೇ ನೋಟು ಎಣಿಸುತ್ತಾಳೆ:
“ಬೆವರು ಆರುವ ಮೊದಲು ಕೂಲಿ ಕೊಡಬೇಕಕ್ಕ, ನಮ್ಮಲ್ಲಿ ಹಾಗೆ.”
“ನಮ್ಮಲ್ಲಿಯೂ ಹಾಗೆಯೇ” ಎಂದೆ.
ಸುಳ್ಳು ಹೇಳಿದೆನೋ ಎಂತದೋ.

ಪ್ರತಿ ಭಾನುವಾರ ಪ್ರಾರ್ಥನೆಯಲ್ಲಿ ಆ ಸಾಲು ಬರುತ್ತದೆ.
ಬೇರೆ ಭಾಷೆಗಳಲ್ಲಿ ಅಲ್ಲಿ ಪಾಪವೋ ತಪ್ಪೋ ಇರಬಹುದು,
ನಮ್ಮ ಹಳೆಯ ಪುಸ್ತಕದಲ್ಲಿ ಸಾಲ ಎಂದೇ ಉಂಟು, ನೇರ.
ಸಾಲು ಬಂದಾಗ ಸಾಲ ನೆನಪಾಗಿ
ನನ್ನ ಉಸಿರು ಸಾಲದಾಗುತ್ತದೆ.
ಫ್ರೀಡಾ ಬಾಯಿ ಗಟ್ಟಿಯಾಗಿ ಹೇಳುತ್ತಾರೆ,
ಸಾಲವನ್ನು, ಸಾಲಗಾರರನ್ನು, ಆಮೆನ್ನನ್ನು.

ಒಮ್ಮೆ ಆ ಹಾಳೆ ಹರಿಯಲೆಂದೇ ಕೂತೆ.
ಅದರ ಹಿಂಬದಿಯಲ್ಲಿ ನನ್ನ ಅತ್ತೆಯ ಅಳತೆ ಇತ್ತು,
ಆಸ್ಪತ್ರೆಗೆಂದು ಹೊಲಿದ, ಮುಂದೆ ಗುಂಡಿಯ ನೈಟಿಯದು.
ಅವರಿಲ್ಲ, ಅಳತೆ ಉಂಟು.
ಹರಿಯಲಾಗಲಿಲ್ಲ.
ಸೂಜಿಗೆ ಬಿಳಿ ನೂಲು ಪೋಣಿಸಿ
ಆ ನಾಲ್ಕು ಸಾವಿರದ ಇನ್ನೂರರ ಮೇಲೆ
ಒಂದು ಕಚ್ಚಾ ಹೊಲಿಗೆ ಎಳೆದೆ.
ಕಚ್ಚಾ ಹೊಲಿಗೆ ಗೊತ್ತಲ್ಲ,
ಗಂಟು ಹಾಕುವುದಿಲ್ಲ, ಎಳೆದರೆ ಬರುತ್ತದೆ.

ಬಂತು ಕೂಡ.
ಕರೆಂಟು ಬಿಲ್ಲು ಬಂದ ದಿನ, ಮಗನ ಫೀಸಿನ ದಿನ,
ಫ್ರೀಡಾ ಬಾಯಿ ಹೊಸ ಚಪ್ಪಲಿ ಮೆಟ್ಟಿ ಬಂದ ಈಸ್ಟರಿನ ದಿನ
ಎಳೆದು ಬಿಚ್ಚಿದೆ.
ಶನಿವಾರ ಲೋಟ ಮುಟ್ಟುವ ಮೊದಲು ಮತ್ತೆ ಹಾಕಿದೆ.
ಆ ಹಾಳೆಯಲ್ಲೀಗ ಅಂಕಿಗಿಂತ ತೂತುಗಳೇ ಹೆಚ್ಚು.

ಅಯ್ಯನವರಿಗೆ ಹೇಳಿದೆ. ನಕ್ಕರು, ಉಪದೇಶ ಮಾಡಲಿಲ್ಲ,
ತಮ್ಮ ಜುಬ್ಬದ ಹರಿದ ಕಿಸೆ ತೋರಿಸಿದರು.

ಮೊನ್ನೆ ಬುಧವಾರ ಅಂಗಡಿಗೆ ಬಂದರು ಫ್ರೀಡಾ ಬಾಯಿ,
ಪ್ಲಾಸ್ಟಿಕ್ ಚೀಲದಲ್ಲಿ ಅದೇ ಮದುವೆಯ ನೀಲಿ ರವಿಕೆ.
“ಥೈರಾಯ್ಡ್ ಅಂತೆ, ದಪ್ಪ ಆಗಿದ್ದೇನೆ,
ಸ್ವಲ್ಪ ಬಿಡಲಿಕ್ಕೆ ಆಗ್ತದಾ?”
ಹಣದ ಮಾತು ಅವರು ಎತ್ತಲಿಲ್ಲ, ನಾನೂ.
ಹೊರಗೆ ನಾಯಿಯೊಂದು ಮೀನಿನ ತಲೆ ಕಚ್ಚಿಕೊಂಡು ರಸ್ತೆ ದಾಟಿತು.
ರವಿಕೆಯ ಒಳಮೈ ತಿರುವಿ ನೋಡಿದೆ:
ಎರಡೂ ಬದಿಗೆ ಒಂದೂವರೆ ಇಂಚು ಬಟ್ಟೆ,
ಮುಂದೆ ಬೇಕಾದೀತೆಂದು ಹೊಲಿಯುವಾಗ ನಾನೇ ಮಡಚಿಟ್ಟದ್ದು.

“ಬಿಡಬಹುದು” ಎಂದೆ.
“ಶನಿವಾರ ಬನ್ನಿ. ಸಂಜೆಯೊಳಗೆ.
ನನಗೆ ಲೋಟ ತೊಳೆಯಲಿಕ್ಕುಂಟು.”